ಸದ್ದಿಗೆ ಬೇಲಿ, ಗಾಳಿಗೆ ದಾರಿ

10 ಅಡಿ ಉದ್ದ, 8 ಅಡಿ ಅಗಲ, 8 ಅಡಿ ಎತ್ತರ. ನಮ್ಮ ಊರುಗಳಲ್ಲಿ ಮನೆಯೊಳಗೇ ಸಂಗೀತದ ಕೋಣೆ ಮಾಡಿಕೊಳ್ಳಲು ಹೊರಟವರಿಗೆ ಸಾಮಾನ್ಯವಾಗಿ ದಕ್ಕುವುದು ಇಷ್ಟೇ ಜಾಗ. ಮಗನ ಮೃದಂಗವೋ ಮಗಳ ಡ್ರಮ್ಸೋ ಪಕ್ಕದ ಮನೆಯವರ ನಿದ್ದೆ ಕೆಡಿಸಬಾರದೆಂದು ಬಾಗಿಲ ಸುತ್ತ ರಬ್ಬರ್ ಗ್ಯಾಸ್ಕೆಟ್ ಅಂಟಿಸುತ್ತಾರೆ, ಕಿಟಕಿಗೆ ಎರಡನೇ ಗಾಜು ಕೂರಿಸುತ್ತಾರೆ, ಮೇಲಿನ ವೆಂಟಿಲೇಟರನ್ನು ಇಟ್ಟಿಗೆ ಇಟ್ಟು ಮುಚ್ಚಿಸುತ್ತಾರೆ. ಸದ್ದು ನಿಲ್ಲುತ್ತದೆ, ಗಾಳಿಯೂ ನಿಲ್ಲುತ್ತದೆ. ಅರ್ಧ ಗಂಟೆಗೆ ಬೆವರು, ಒಂದು ಗಂಟೆಗೆ ತಲೆಭಾರ, ಮಳೆಗಾಲ ಬಂತೆಂದರೆ ಮೂಲೆಯಲ್ಲಿ ಬೂಷ್ಟು.

ಸದ್ದು ತಡೆಯುವ ಅಗತ್ಯವೇನೂ ಸಣ್ಣದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿ 10ರಿಂದ ಬೆಳಗಿನ 6ರವರೆಗೆ 45. ಸಣ್ಣ ಕೋಣೆಯಲ್ಲಿ ಡ್ರಮ್ಸ್ ಬಾರಿಸಿದರೆ ಸದ್ದು ನೂರು ಡೆಸಿಬೆಲ್ ದಾಟುತ್ತದೆ. ಹೀಗೆ ಮುಚ್ಚಿದ ಕೋಣೆಗೆ ಕಡಿಮೆ ಖರ್ಚಿನಲ್ಲಿ ಗಾಳಿ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಸ್ಟುಡಿಯೋ ಕಟ್ಟುವವರು ಒಂದು ಹೇಳುತ್ತಾರೆ, ಎಸಿ ಮೆಕ್ಯಾನಿಕ್ ಇನ್ನೊಂದು, ಬಡಗಿ ಮತ್ತೊಂದು. ಪ್ರತಿಯೊಬ್ಬರ ಮಾತಿನಲ್ಲೂ ಸತ್ಯವಿದೆ. ಆದರೆ ಉಸಿರಿಗೆ ಬೇಕಾದ ಗಾಳಿ, ಶಾಖ ಹೊರಹಾಕುವ ಗಾಳಿ, ತೇವ ತೆಗೆಯುವ ಗಾಳಿ ಈ ಮೂರೂ ಬೇರೆ ಬೇರೆ ಲೆಕ್ಕಗಳು. ಅವನ್ನು ಒಂದೇ ಎಂದುಕೊಂಡಾಗ ದುಡ್ಡು ಬೇಡದ ಕಡೆ ಸುರಿದುಹೋಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ರೇಡಿಯೋ ಕಾಲದಿಂದ ಬಂದ ಸಮಸ್ಯೆ

ಸಂಗೀತಕ್ಕಾಗಿ ಕೋಣೆಯನ್ನು ಪೂರ್ತಿ ಮುಚ್ಚುವ ಪದ್ಧತಿ ಹಳೆಯದಲ್ಲ. ತೊಟ್ಟಿಮನೆಯ ಪಡಸಾಲೆಯಲ್ಲೋ ದೇವಸ್ಥಾನದ ಪ್ರಾಕಾರದಲ್ಲೋ ಸಾಧನೆ ಮಾಡುತ್ತಿದ್ದವರಿಗೆ ಗಾಳಿಯ ಚಿಂತೆಯೇ ಇರಲಿಲ್ಲ. ಮೈಕ್ರೋಫೋನ್ ಬಂದಮೇಲೆ ಹೊರಗಿನ ಸದ್ದು ಒಳಬರಬಾರದೆಂಬ ಹಟ ಶುರುವಾಯಿತು. ಲಂಡನ್ನಿನ ಆಬಿ ರೋಡ್ ಸ್ಟುಡಿಯೋ ತೆರೆದದ್ದು 1931ರಲ್ಲಿ. ಮರುವರ್ಷ ಬಿಬಿಸಿಯ ಬ್ರಾಡ್‌ಕಾಸ್ಟಿಂಗ್ ಹೌಸ್ ಬಂತು. ಅಲ್ಲಿ ಸ್ಟುಡಿಯೋಗಳನ್ನೆಲ್ಲ ಕಟ್ಟಡದ ನಡುವಿನ ಕಿಟಕಿಯಿಲ್ಲದ ಗೋಪುರದೊಳಗೆ ಇಟ್ಟು, ಸುತ್ತ ಕಚೇರಿಗಳನ್ನು ಕಟ್ಟಿ, ಯಂತ್ರಗಳಿಂದ ಗಾಳಿ ಹಾಯಿಸಿದರು. ಅದು ದೊಡ್ಡ ಸಂಸ್ಥೆಯ ದೊಡ್ಡ ದುಡ್ಡಿನ ಕೆಲಸ. ಮೂರು ವರ್ಷಗಳ ನಂತರ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯ ಕೇಂದ್ರದಿಂದಲೇ ದೇಶಕ್ಕೆ ಹೋಯಿತು. ಮನೆಯ ಸ್ಟುಡಿಯೋ ಕನ್ನಡಿಗರಿಗೆ ಹೊಸದೇನಲ್ಲ.

ಗಾಳಿಯ ಕುರಿತ ವಾದ ಇದಕ್ಕಿಂತ ಹಳೆಯದು, ಹೆಚ್ಚು ತೊಡಕಿನದು. ಮ್ಯೂನಿಕ್ಕಿನ ಆರೋಗ್ಯ ವಿಜ್ಞಾನಿ ಮಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲಿ ಒಂದು ಗೆರೆ ಎಳೆದ: ಕೋಣೆಯ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸಾವಿರದಲ್ಲಿ ಒಂದು ಪಾಲು ದಾಟಬಾರದು. ಇಂದಿನ ಅಳತೆಯಲ್ಲಿ ಅದು 1000 ಪಿಪಿಎಂ. ಅನಿಲವೇ ವಿಷ ಎಂದು ಅವನು ಹೇಳಲಿಲ್ಲ. ಜನರ ಮೈಯಿಂದ, ಉಸಿರಿನಿಂದ ಬರುವ ಎಲ್ಲ ಕಲ್ಮಶಕ್ಕೆ ಅದು ಗುರುತು ಎಂದ. 1905ರ ಸುಮಾರಿಗೆ ಬ್ರೆಸ್ಲಾವಿನಲ್ಲಿ ಕಾರ್ಲ್ ಫ್ಲ್ಯೂಗೆಯ ಬಳಗ ಇನ್ನೊಂದು ದಾರಿ ಹಿಡಿಯಿತು. ಮುಚ್ಚಿದ ಪುಟ್ಟ ಕೋಣೆಯಲ್ಲಿ ಕೂತವರಿಗೆ ಕೊಳವೆಯ ಮೂಲಕ ಹೊರಗಿನ ತಾಜಾ ಗಾಳಿ ಕೊಟ್ಟರೂ ಕಸಿವಿಸಿ ಹೋಗಲಿಲ್ಲ. ಹೊರಗೆ ನಿಂತು ಆ ಕೋಣೆಯ ಗಾಳಿಯನ್ನೇ ಕೊಳವೆಯಲ್ಲಿ ಉಸಿರಾಡಿದವರಿಗೆ ಏನೂ ಅನ್ನಿಸಲಿಲ್ಲ. ಒಳಗಿನ ಗಾಳಿಯನ್ನು ಫ್ಯಾನಿನಿಂದ ಕದಡಿದಾಗ ಒಳಗಿದ್ದವರಿಗೆ ಹಾಯೆನಿಸಿತು. ಉಸಿರುಗಟ್ಟಿದಂತೆ ಆಗುವುದಕ್ಕೆ ಶಾಖ, ತೇವ, ನಿಂತ ಗಾಳಿಯೇ ಕಾರಣ ಎಂದು ಅವರು ತೀರ್ಮಾನಿಸಿದರು. ಸೀಲಿಂಗ್ ಫ್ಯಾನ್ ಹಾಕಿಕೊಂಡು ಸಮಾಧಾನಪಡುವ ನಮಗೆಲ್ಲ ಈ ಪ್ರಯೋಗ ಬಹಳ ಹತ್ತಿರದ್ದು.

ಈ ವಾದದ ಜೊತೆಜೊತೆಗೇ ಸಂಖ್ಯೆಗಳ ಏರಿಳಿತವೂ ನಡೆಯಿತು. 1890ರ ದಶಕದಲ್ಲಿ ಅಮೆರಿಕದ ವೈದ್ಯ ಬಿಲ್ಲಿಂಗ್ಸ್ ತಲೆಗೆ ನಿಮಿಷಕ್ಕೆ 30 ಘನ ಅಡಿ ತಾಜಾ ಗಾಳಿ ಬೇಕೆಂದ. 1936ರಲ್ಲಿ ಹಾರ್ವರ್ಡಿನ ಯಾಗ್ಲೂ ಮೈವಾಸನೆಯನ್ನೇ ಅಳತೆಗೋಲಾಗಿಟ್ಟುಕೊಂಡು, ತಲೆಗೆ ಸಿಗುವ ಜಾಗ ಕಿರಿದಾದಷ್ಟೂ ಬೇಕಾಗುವ ಗಾಳಿ ಹೆಚ್ಚುತ್ತದೆ ಎಂದು ತೋರಿಸಿದ. ಪುಟ್ಟ ಕೋಣೆಯವರು ಇದನ್ನು ಮರೆಯಬಾರದು. 1973ರ ತೈಲ ಬಿಕ್ಕಟ್ಟಿನ ಬಳಿಕ ಇಂಧನ ಉಳಿಸಲು ಅಮೆರಿಕದ ಎಂಜಿನಿಯರುಗಳ ಸಂಸ್ಥೆ ಆಶ್ರೇ 1981ರಲ್ಲಿ ಕನಿಷ್ಠ ಪ್ರಮಾಣವನ್ನು 5 ಘನ ಅಡಿಗೆ ಇಳಿಸಿತು. ಕಚೇರಿಗಳಲ್ಲಿ ತಲೆನೋವಿನ ದೂರುಗಳು ಹೆಚ್ಚಿದಮೇಲೆ 1989ರಲ್ಲಿ 15ಕ್ಕೆ ಏರಿಸಿತು.

ಉಸಿರಿನ ಲೆಕ್ಕ, ಶಾಖದ ಲೆಕ್ಕ

ಮೇಲೆ ಹೇಳಿದ ಕೋಣೆಯ ಗಾತ್ರ 640 ಘನ ಅಡಿ, ಅಂದರೆ 18 ಘನ ಮೀಟರ್. ಸುಮ್ಮನೆ ಕೂತ ಒಬ್ಬ ಮನುಷ್ಯ ಗಂಟೆಗೆ ಸುಮಾರು 18 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತಾನೆ. ಲೆಕ್ಕ ನೇರವಾಗಿದೆ: ಒಬ್ಬರು, ಒಂದು ಗಂಟೆ, 1000 ಪಿಪಿಎಂ ಏರಿಕೆ. ಹೊರಗಿನ ಗಾಳಿಯಲ್ಲಿ ಈಗ ಸುಮಾರು 420 ಇದೆ. ವೀಣೆ ಅಭ್ಯಾಸ ಮಾಡುವವರು ಒಂದು ಗಂಟೆಗೆ 1400 ಮುಟ್ಟುತ್ತಾರೆ. ಗುರು, ಶಿಷ್ಯ ಇಬ್ಬರಿದ್ದರೆ 2400. ಮೈಮುರಿದು ಡ್ರಮ್ಸ್ ಬಾರಿಸುವವನು ಮೂರು ಪಟ್ಟು ಉಸಿರಾಡುತ್ತಾನೆ, ಆದ್ದರಿಂದ ಅವನ ಲೆಕ್ಕ 3400. ಇದು ಪೂರ್ತಿ ಮುಚ್ಚಿದ ಕೋಣೆಯ ಮಾತು. ಕೂತವರಿಗೆ ಪೆಟೆನ್‌ಕೋಫರನ ಗೆರೆಯೊಳಗೆ ಇರಲು ತಲೆಗೆ ನಿಮಿಷಕ್ಕೆ 18 ಘನ ಅಡಿ ಗಾಳಿ ಸಾಕು, ಡ್ರಮ್ಮರಿಗೆ 55 ಬೇಕು.

ಇನ್ನು ಶಾಖ. ಮನುಷ್ಯನ ಮೈ 100 ವ್ಯಾಟ್, ಕಂಪ್ಯೂಟರ್, ಆಂಪ್ಲಿಫೈಯರ್, ದೀಪ ಸೇರಿ ಇನ್ನೊಂದು 200. ಈ 300 ವ್ಯಾಟನ್ನು ಗಾಳಿಯಿಂದಲೇ ಹೊರಗೆ ಹಾಕಬೇಕು, ಒಳಗಿನ ಬಿಸಿ ಹೊರಗಿಗಿಂತ 5 ಡಿಗ್ರಿಗಿಂತ ಹೆಚ್ಚಾಗಬಾರದು ಎಂದರೆ ನಿಮಿಷಕ್ಕೆ ನೂರು ಘನ ಅಡಿ ಬೇಕು. ಉಸಿರಿಗೆ ಬೇಕಾದದ್ದರ ಐದಾರು ಪಟ್ಟು! ಅದಕ್ಕೇ ಉಸಿರಿನ ಕೆಲಸವನ್ನು ಸಣ್ಣ ಫ್ಯಾನಿಗೂ ಶಾಖದ ಕೆಲಸವನ್ನು ಬೇರೆ ಯಂತ್ರಕ್ಕೂ ವಹಿಸುವುದು ಜಾಣತನ. ಎರಡನ್ನೂ ಒಂದೇ ಪೈಪಿನಿಂದ ಮಾಡಿಸಹೋದರೆ ಪೈಪು ದೊಡ್ಡದಾಗುತ್ತದೆ. ಪೈಪು ದೊಡ್ಡದಾದಷ್ಟೂ ಸದ್ದು ಸೋರುತ್ತದೆ.

ಎಷ್ಟು ಸೋರುತ್ತದೆ? ನೂರು ಚದರಡಿ ಗೋಡೆಯಲ್ಲಿ ಒಂದು ಚದರಡಿ ಕಿಂಡಿಯಿದ್ದರೆ, ಉಳಿದ ಗೋಡೆ ಕಲ್ಲಿನದಾದರೂ ಒಟ್ಟು ತಡೆ 20 ಡೆಸಿಬೆಲ್ ದಾಟದು. ನಾಲ್ಕು ಇಂಚಿನ ಬರಿಯ ತೂತು ಅದೇ ಗೋಡೆಯನ್ನು 30ರ ಆಸುಪಾಸಿಗೆ ಇಳಿಸುತ್ತದೆ. ಇಲ್ಲಿ ನಮ್ಮ ಕಟ್ಟಡಗಳ ಗುಣವನ್ನು ಗಮನಿಸಬೇಕು. ಅಮೆರಿಕದ ಪುಸ್ತಕಗಳು ಮರದ ಚೌಕಟ್ಟಿಗೆ ಜಿಪ್ಸಮ್ ಬೋರ್ಡು ಹೊಡೆದ ಮನೆಗಳಿಗಾಗಿ ಬರೆದವು. ಅಲ್ಲಿ ಗೋಡೆ ಗಟ್ಟಿ ಮಾಡುವುದೇ ಅರ್ಧ ಪುಸ್ತಕ. ನಮ್ಮಲ್ಲಿ ಎರಡೂ ಕಡೆ ಗಾರೆ ಬಳಿದ 9 ಇಂಚಿನ ಇಟ್ಟಿಗೆ ಗೋಡೆ ಹೆಚ್ಚೇನೂ ಮಾಡದೆಯೇ 50 ಡೆಸಿಬೆಲ್‌ನಷ್ಟು ತಡೆಯುತ್ತದೆ. ಸೋರುವುದು ಟೊಳ್ಳು ಬಾಗಿಲಿನಿಂದ, ಕಿಟಕಿಯಿಂದ, ಮತ್ತು ನಾವು ಹೊಸದಾಗಿ ಕೊರೆದ ತೂತಿನಿಂದ. ಆದ್ದರಿಂದ ದುಡ್ಡು ಕಡಿಮೆಯಿದ್ದರೆ ಗೋಡೆಗೆ ಇನ್ನೊಂದು ಪದರ ಹಾಕಿಸದೆ ಬಾಗಿಲಿಗೂ ಗಾಳಿಯ ದಾರಿಗೂ ಖರ್ಚು ಮಾಡುವುದೇ ಸರಿ. ಗೋಡೆಗೆ ಅಂಟಿಸುವ ಸ್ಪಂಜು, ಮೊಟ್ಟೆ ಟ್ರೇಗಳು ಒಳಗಿನ ಪ್ರತಿಧ್ವನಿಯನ್ನು ಅಷ್ಟಿಷ್ಟು ತಗ್ಗಿಸಬಹುದು, ಹೊರಹೋಗುವ ಸದ್ದನ್ನು ತಡೆಯುವುದಿಲ್ಲ.

ಬಾಗಿಲು ತೆರೆದರಾಯಿತು ಎನ್ನುವವರು

ಅತಿ ಅಗ್ಗದ ಪಂಥ ಇದು: ಯಾವ ತೂತೂ ಬೇಡ, ಮುಕ್ಕಾಲು ಗಂಟೆ ನುಡಿಸಿ, ಹತ್ತು ನಿಮಿಷ ಬಾಗಿಲು ಕಿಟಕಿ ತೆರೆದು ಟೇಬಲ್ ಫ್ಯಾನ್ ತಿರುಗಿಸಿ. ಒಬ್ಬರೇ ಕೂತು ಹಾಡುವ, ಪಿಟೀಲು ನುಡಿಸುವ ಕೋಣೆಗೆ ಇದು ನಿಜವಾಗಿಯೂ ಸಾಕಾಗುತ್ತದೆ. ಮೇಲಿನ ಲೆಕ್ಕವೂ ಅದನ್ನೇ ಹೇಳುತ್ತದೆ. ಆನ್‌ಲೈನ್ ಪಾಠ ಹೇಳುವವರಿಗೆ, ಇಬ್ಬರು ಮೂವರು ಸೇರುವ ಕೋಣೆಗೆ, ಮಂಗಳೂರಿನ ಜುಲೈಗೆ ಇದು ಆಗದು.

ಸೀಲಿಂಗ್ ಫ್ಯಾನನ್ನು ನಂಬುವವರು ಫ್ಲ್ಯೂಗೆಯ ವಾರಸುದಾರರು. ಮೈಮೇಲೆ ಗಾಳಿ ಆಡಿದರೆ ಅದೇ ಬಿಸಿಯಲ್ಲೂ ಹಾಯೆನಿಸುತ್ತದೆ ಎಂಬುದು ಸರಿ. ಆದರೆ ರೆಕ್ಕೆಗಳು ಹಾಡಿನ ಸ್ವರವನ್ನು ಸಣ್ಣಗೆ ನಡುಗಿಸಿ ಮೈಕಿಗೆ ಕೊಡುತ್ತವೆ. ಅಭ್ಯಾಸಕ್ಕೆ ಇರಲಿ, ಧ್ವನಿಮುದ್ರಣದ ಹೊತ್ತಿಗೆ ಆರಲಿ.

ಎಸಿ ಕೊಡುವುದು ತಂಪು ಮಾತ್ರ

ಈ ಪ್ರಶ್ನೆಯಲ್ಲಿ ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಸ್ಪ್ಲಿಟ್ ಎಸಿ ಹೊರಗಿನಿಂದ ಒಂದು ಹನಿ ಗಾಳಿಯನ್ನೂ ತರುವುದಿಲ್ಲ. ಕೋಣೆಯ ಗಾಳಿಯನ್ನೇ ಎಳೆದು, ತಂಪು ಮಾಡಿ, ನೀರು ಬಸಿದು ಮತ್ತೆ ಕೋಣೆಗೇ ಬಿಡುತ್ತದೆ. ಶಾಖಕ್ಕೂ ತೇವಕ್ಕೂ ಅದು ಒಳ್ಳೆಯ ಉತ್ತರ, ಉಸಿರಿಗಲ್ಲ. ತಂಪಾಗಿರುವ ಕೋಣೆಯಲ್ಲಿ ಗಾಳಿ ಕೆಟ್ಟದ್ದು ಗೊತ್ತಾಗುವುದೇ ಇಲ್ಲವಾದ್ದರಿಂದ ಒಂದು ಅರ್ಥದಲ್ಲಿ ಅಪಾಯ ಹೆಚ್ಚು. ಒಂದು ಟನ್ನಿನ ಎಸಿ 3500 ವ್ಯಾಟ್ ಶಾಖ ಎತ್ತಬಲ್ಲದು, ನಮ್ಮ ಕೋಣೆ ಹುಟ್ಟಿಸುವುದು ಅದರ ಹತ್ತನೇ ಒಂದು ಭಾಗವನ್ನೂ ಮುಟ್ಟದು. ಬಿಸಿಲು ಬಡಿಯುವ ಗೋಡೆ, ತಾರಸಿ ಸೇರಿಸಿದರೂ ಮುಕ್ಕಾಲು ಟನ್ನಿನ ಇನ್ವರ್ಟರ್ ಎಸಿ ಸಾಕು. ದೊಡ್ಡದನ್ನು ಹಾಕಿದರೆ ಅದು ಬೇಗ ತಂಪು ಮಾಡಿ ನಿಂತುಬಿಡುತ್ತದೆ, ತೇವ ಹಾಗೇ ಉಳಿಯುತ್ತದೆ.

ಎಸಿ ಕೂರಿಸುವಾಗ ತಾಮ್ರದ ಪೈಪಿಗೆಂದು ಗೋಡೆಯಲ್ಲಿ ಎರಡೂವರೆ ಮೂರು ಇಂಚಿನ ತೂತು ಕೊರೆಯುತ್ತಾರೆ. ಪೈಪು ತೂರಿಸಿದ ಮೇಲೆ ಸುತ್ತ ಉಳಿದ ಸಂದಿಗೆ ಒಂದಿಷ್ಟು ಬಿಳಿ ಪುಟ್ಟಿ ಒತ್ತಿ ಹೋಗುತ್ತಾರೆ. ಲಕ್ಷ ಖರ್ಚು ಮಾಡಿ ಮುಚ್ಚಿದ ಕೋಣೆಯ ಸದ್ದು ಸರಾಗವಾಗಿ ಹೋಗುವುದು ಅಲ್ಲಿಂದ. ಸಂದಿಯೊಳಗೆ ರಾಕ್‌ವೂಲ್ ಗಿಡಿದು, ಎರಡೂ ಮುಖಕ್ಕೆ ಗಾರೆಯೋ ಸೀಲಂಟೋ ತುಂಬಿಸಬೇಕು. ಕೆಲಸದವರು ಮೆಟ್ಟಿಲಿಳಿಯುವ ಮುಂಚೆ ಟಾರ್ಚು ಹಿಡಿದು ನೋಡಿಬಿಡಿ.

ಪೆಟ್ಟಿಗೆಯ ಪಂಥ

ಸ್ಟುಡಿಯೋ ಕಟ್ಟುವವರ ಉತ್ತರ ಅಂಕುಡೊಂಕು ದಾರಿಯ ಪೆಟ್ಟಿಗೆ, ಅವರು ಬ್ಯಾಫಲ್ ಬಾಕ್ಸ್ ಎನ್ನುತ್ತಾರೆ. ರಾಡ್ ಜರ್ವೈಸ್ 2006ರಲ್ಲಿ ಮನೆ ಸ್ಟುಡಿಯೋ ಕುರಿತು ಬರೆದ ಪುಸ್ತಕ, ಫಿಲಿಪ್ ನ್ಯೂವೆಲ್ಲರ ಸ್ಟುಡಿಯೋ ವಿನ್ಯಾಸದ ಪುಸ್ತಕ ಈ ವಲಯದಲ್ಲಿ ಬಹಳ ಓಡಾಡಿವೆ. ಗಾಳಿ ತಿರುವಿನಲ್ಲಿ ತಿರುಗಿ ಹೋಗುತ್ತದೆ, ಸದ್ದು ಪ್ರತಿ ತಿರುವಿನಲ್ಲೂ ಮೆತ್ತನೆಯ ಹೊದಿಕೆಗೆ ಬಡಿದು ಸವೆಯುತ್ತದೆ ಎಂಬುದು ತತ್ವ.

ಬಡಗಿಗೆ ಹೇಳುವಾಗ ಇಷ್ಟು ಗೊತ್ತಿರಬೇಕು. 18 ಮಿಲಿಮೀಟರ್ ಪ್ಲೈವುಡ್, ಆದರೆ ಎರಡು ಪದರ. ಮೂರಡಿ ಉದ್ದ, ಒಂದೂಕಾಲು ಅಡಿ ಅಗಲ ಮತ್ತು ಎತ್ತರ. ಒಳಗೆ ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ತಲುಪದ ಮೂರು ಅಡ್ಡಹಲಗೆ, ಒಂದು ಎಡಕ್ಕೆ ತಾಗಿದರೆ ಮುಂದಿನದು ಬಲಕ್ಕೆ. ಗಾಳಿಯ ದಾರಿ ಎಲ್ಲೂ ಪೈಪಿನ ಬಾಯಿಗಿಂತ ಕಿರಿದಾಗಬಾರದು, ಎರಡರಷ್ಟಿದ್ದರೆ ಇನ್ನೂ ಒಳ್ಳೆಯದು. ಒಳಮೈಗೆಲ್ಲ ಒಂದೂವರೆ ಎರಡು ಇಂಚಿನ ರಾಕ್‌ವೂಲ್ ಅಥವಾ ಗ್ಲಾಸ್‌ವೂಲ್ ಹಲಗೆ, ಅದರ ಮೇಲೆ ಎಳೆ ಉದುರದಂತೆ ತೆಳುವಾದ ಕಪ್ಪು ಗ್ಲಾಸ್ ಟಿಶ್ಯೂ. ಪ್ರತಿ ಕೂಡುಗೆರೆಗೂ ಸೀಲಂಟ್. ಸಾದಾ ಪಾಲಿಯುರೆಥೇನ್ ಸ್ಪಂಜನ್ನು ದಯವಿಟ್ಟು ಬಳಸಬೇಡಿ. 2003ರ ಫೆಬ್ರವರಿಯಲ್ಲಿ ಅಮೆರಿಕದ ರೋಡ್ ಐಲೆಂಡಿನ ಒಂದು ಸಂಗೀತ ಕ್ಲಬ್ಬಿನಲ್ಲಿ ಗೋಡೆಯ ಇಂಥ ಸ್ಪಂಜಿಗೆ ಬೆಂಕಿ ತಗುಲಿ ನೂರು ಜನ ಸತ್ತರು. ಒಂದೇ ಬಾಗಿಲಿನ, ಕಿಟಕಿ ಮುಚ್ಚಿದ ಕೋಣೆಯವರು ಇದನ್ನು ಮರೆಯುವಂತಿಲ್ಲ.

ಇಂಥ ಪೆಟ್ಟಿಗೆ ಎರಡು ಬೇಕು. ಒಂದೇ ತೂತಿಗೆ ಎಕ್ಸಾಸ್ಟ್ ಫ್ಯಾನ್ ಸಿಕ್ಕಿಸಿ ಕೋಣೆಯನ್ನು ಬಿಗಿಯಾಗಿ ಮುಚ್ಚಿದರೆ ಫ್ಯಾನ್ ತಿರುಗುತ್ತದೆ, ಗಾಳಿ ಕದಲದು. ಬಾಯಿ ಮುಚ್ಚಿದ ಸೀಸೆಯಿಂದ ಎಣ್ಣೆ ಸುರಿಯಹೋದಂತೆ. ಬರುವ ದಾರಿ ಒಂದು ಮೂಲೆಯಲ್ಲಿ ಕೆಳಗೆ, ಹೋಗುವ ದಾರಿ ಎದುರು ಮೂಲೆಯಲ್ಲಿ ಮೇಲೆ. ಫ್ಯಾನ್ ಕೋಣೆಯೊಳಗೆ ಇರಕೂಡದು. ಪೆಟ್ಟಿಗೆಯ ಆಚೆ, ಮೆತುವಾದ ಡಕ್ಟಿನ ತುದಿಯಲ್ಲಿ, ರಬ್ಬರಿನ ಮೇಲೆ ತೂಗಿಬಿಡಬೇಕು. ಇಲ್ಲವಾದರೆ ಅದರ ಗುಂಯ್ ಗೋಡೆಯಲ್ಲೇ ಹರಿದು ಬರುತ್ತದೆ.

ಗಾಳಿಯ ವೇಗದ ಲೆಕ್ಕವೂ ಇದೆ. ಕೋಣೆಗೆ ಬೀಳುವ ಬಾಯಲ್ಲಿ ಗಾಳಿ ಸೆಕೆಂಡಿಗೆ ಒಂದೂವರೆ ಮೀಟರ್ ದಾಟಿದರೆ ಕಿವಿಗೆ ಹಿಸ್ ಎನ್ನುತ್ತದೆ. ವೇಗ ಎರಡು ಪಟ್ಟಾದರೆ ಆ ಸದ್ದು 15ರಿಂದ 18 ಡೆಸಿಬೆಲ್ ಏರುತ್ತದೆ. ನಿಮಿಷಕ್ಕೆ 18 ಘನ ಅಡಿ ನಾಲ್ಕಿಂಚಿನ ಪೈಪಿನಲ್ಲಿ ಸೆಕೆಂಡಿಗೆ ಒಂದು ಮೀಟರಿನಂತೆ ಮೆಲ್ಲಗೆ ಹೋಗುತ್ತದೆ. 50 ಘನ ಅಡಿ ಅದೇ ಪೈಪಿನಲ್ಲಿ ಮೂರು ಮೀಟರಿನ ವೇಗ ಪಡೆಯುತ್ತದೆ, ಅದಕ್ಕೆ ಆರಿಂಚಿನ ಪೈಪೇ ಆಗಬೇಕು. ಆರಿಂಚಿನ ಇನ್‌ಲೈನ್ ಫ್ಯಾನ್ ಕೊಂಡು ನಿಧಾನವಾಗಿ ಓಡಿಸುವುದು ನಾಲ್ಕಿಂಚಿನದನ್ನು ಓಡಿಸಿ ಸುಸ್ತುಮಾಡುವುದಕ್ಕಿಂತ ಮೇಲು. ಡಬ್ಬದ ಮೇಲೆ ಬರೆದ ಸಂಖ್ಯೆ ಪೈಪೇ ಇಲ್ಲದ ಬಯಲಿನದು. ಎರಡು ಪೆಟ್ಟಿಗೆ, ಆರೆಂಟು ತಿರುವು ದಾಟುವಾಗ ಅದು ಅರ್ಧಕ್ಕೂ ಇಳಿಯಬಹುದು. ಸೀಲಿಂಗ್ ಫ್ಯಾನಿನ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಕಿದರೆ ಎಷ್ಟೋ ಮೋಟಾರುಗಳು ಹಮ್ಮಿಂಗ್ ಶುರುಮಾಡುತ್ತವೆ. ವೇಗ ತಗ್ಗಿಸುವ ವ್ಯವಸ್ಥೆ ತನ್ನಲ್ಲೇ ಇರುವ ಫ್ಯಾನ್ ಆರಿಸಿಕೊಳ್ಳಿ.

ಎಲ್ಲಿಯ ಗಾಳಿ?

ಪೆಟ್ಟಿಗೆ ಒಪ್ಪಿದವರಲ್ಲೂ ಒಡಕಿದೆ. ಹೊರಗಿನ ಗಾಳಿಯೇ ಬೇಕು ಎನ್ನುವವರು ಶುದ್ಧವಾದಿಗಳು. ರಸ್ತೆ ಪಕ್ಕದ ಮನೆಯಾದರೆ ದೂಳು, ಸೊಳ್ಳೆ, ವಾಹನದ ಹೊಗೆ, ಏಪ್ರಿಲ್ಲಿನ ಬಿಸಿ ಎಲ್ಲವೂ ಅದರ ಜೊತೆಗೇ ಬರುತ್ತವೆ. ಇನ್ನೊಂದು ಬಳಗ ಮನೆಯೊಳಗಿಂದಲೇ ಗಾಳಿ ಎರವಲು ಪಡೆಯುತ್ತದೆ: ನಡುಮನೆಯಿಂದ ತೆಗೆದು ನಡುಮನೆಗೇ ಬಿಡುವುದು. ಸಾವಿರ ಚದರಡಿಯ ಮನೆಯಲ್ಲಿ ಹತ್ತು ಸಾವಿರ ಘನ ಅಡಿ ಗಾಳಿಯಿದೆ, ಒಬ್ಬರ ಉಸಿರು ಅದರಲ್ಲಿ ಕರಗಿಹೋಗುತ್ತದೆ. ಎರಡು ತೂತುಗಳೂ ನೆರೆಮನೆಯ ಕಡೆಗಲ್ಲ, ಸ್ವಂತ ಮನೆಯ ಕಡೆಗೆ ತೆರೆಯುತ್ತವೆ, ಸೋರಿದ ಸದ್ದು ಬೀದಿ ಸೇರುವ ಮುಂಚೆ ಇನ್ನೊಂದು ಗೋಡೆ ದಾಟಬೇಕು. ಅಡುಗೆಮನೆಯಿಂದ ದೂರವಿಟ್ಟರೆ ಒಗ್ಗರಣೆಯ ಘಾಟೂ ಇಲ್ಲ. ಕಡಿಮೆ ಬಜೆಟ್ಟಿನವರಿಗೆ ನಾನು ಹೇಳುವುದು ಈ ದಾರಿಯನ್ನೇ. ಮನೆಯವರು ಮಲಗಿದ ಮೇಲೆ ನುಡಿಸಬೇಕೆಂಬುವರಿಗೆ ಮಾತ್ರ ಇದು ಕಷ್ಟ.

ಇಆರ್‌ವಿ ಎಂಬ ಯಂತ್ರ ಹೊರಹೋಗುವ ಗಾಳಿಯ ತಂಪನ್ನು ಒಳಬರುವ ಗಾಳಿಗೆ ದಾಟಿಸುತ್ತದೆ. ಕಲಬುರಗಿ, ರಾಯಚೂರಿನ 40 ದಾಟಿದ ಬೇಸಿಗೆಯಲ್ಲಿ ಎಸಿ ಹಾಕಿದ ಕೋಣೆಗೆ ಅದು ಅರ್ಥಪೂರ್ಣ. ಬೆಂಗಳೂರಿನ ಹವೆಯಲ್ಲಿ ಉಳಿತಾಯ ಅಲ್ಪ, ಬೆಲೆ ಜಾಸ್ತಿ, ಮತ್ತು ಎರಡು ತೂತು, ಎರಡು ಪೆಟ್ಟಿಗೆಯ ಗೋಜು ಅದಕ್ಕೂ ತಪ್ಪಿದ್ದಲ್ಲ.

ವಾದ್ಯಕ್ಕೆ ತಕ್ಕ ಉತ್ತರ

ಪೆಟ್ಟಿಗೆ ಎಲ್ಲ ಸದ್ದನ್ನೂ ಸಮನಾಗಿ ನುಂಗುವುದಿಲ್ಲ. ನೂರು ಹರ್ಟ್ಸಿನ ಸದ್ದಿನ ಅಲೆ ಮೂರೂಕಾಲು ಮೀಟರಿಗೂ ಉದ್ದ. ಎರಡಿಂಚಿನ ಹೊದಿಕೆ ಅದಕ್ಕೆ ಲೆಕ್ಕಕ್ಕಿಲ್ಲ. ಪಿಟೀಲು, ಕೊಳಲು, ಹೆಣ್ಣುಧ್ವನಿಗೆ ಸಾದಾ ಪೆಟ್ಟಿಗೆಯೇ ಅದ್ಭುತವಾಗಿ ಕೆಲಸಮಾಡುತ್ತದೆ. ತಬಲದ ಡಗ್ಗ, ಬೇಸ್ ಗಿಟಾರು, ಡ್ರಮ್ಸಿನ ಕಿಕ್ ಇದ್ದಲ್ಲಿ ಪೆಟ್ಟಿಗೆಯ ತೂಕ ಹೆಚ್ಚಬೇಕು, ಕಿರಿದಾದ ಪೈಪಿನಿಂದ ದೊಡ್ಡ ಗೂಡಿಗೆ ದಾರಿ ಥಟ್ಟನೆ ಅಗಲವಾಗಬೇಕು. ಆ ಅಗಲವಾಗುವಿಕೆಯೇ ಮಂದ್ರದ ಅಲೆಯನ್ನು ಹಿಂದಕ್ಕೆ ತಳ್ಳುತ್ತದೆ.

ವಾದ್ಯಗಳ ಆರೋಗ್ಯವೂ ಇದರಲ್ಲಿ ಸೇರಿದೆ. ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಮಧ್ಯಾಹ್ನದ ಬಿಸಿಗೆ ಕೋಣೆ ಕಾದರೆ ಮೇಣ ಮೆತ್ತಗಾಗಿ ಮೆಟ್ಟಿಲು ಅಲುಗುತ್ತದೆ, ಸ್ಥಾನ ತಪ್ಪುತ್ತದೆ. ಮೃದಂಗದ ಚರ್ಮ ತೇವ ಕುಡಿದರೆ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಎಸಿಯ ಒಣ ಗಾಳಿಗೆ ಬಿಗಿದು ಏರುತ್ತದೆ. ನುಡಿಸುವವರಿಗೆ ಹಿತವಾದ ಗಾಳಿ ವಾದ್ಯಕ್ಕೂ ಹಿತವೆಂದು ನಂಬಿಕೊಂಡಿರಲಾಗದು.

ಇನ್ನೂ ಇತ್ಯರ್ಥವಾಗದವು

1000 ಪಿಪಿಎಂ ಎಂಬ ಗೆರೆಯ ಅರ್ಥವೇನು ಎಂಬುದು ಒಂದೂವರೆ ಶತಮಾನದ ಮೇಲೂ ಚರ್ಚೆಯಲ್ಲಿದೆ. 2012ರಲ್ಲಿ ಬರ್ಕ್ಲಿಯ ಸಂಶೋಧಕರು ಇಂಗಾಲದ ಡೈಆಕ್ಸೈಡನ್ನೇ ಬೆರೆಸಿ ಪರೀಕ್ಷಿಸಿದಾಗ 1000ದಲ್ಲೂ 2500ರಲ್ಲೂ ತೀರ್ಮಾನ ತೆಗೆದುಕೊಳ್ಳುವ ಶಕ್ತಿ ಕುಗ್ಗಿದ್ದು ಕಂಡಿತು. ಡೆನ್ಮಾರ್ಕಿನ ಪ್ರಯೋಗಗಳಲ್ಲಿ ಬರೀ ಅನಿಲ 3000 ಇದ್ದರೂ ಬಾಧಿಸಲಿಲ್ಲ, ಮನುಷ್ಯರ ಮೈಯಿಂದ ಬಂದದ್ದೆಲ್ಲ ಜೊತೆಗಿದ್ದಾಗ ಬಾಧಿಸಿತು. ಜಲಾಂತರ್ಗಾಮಿಗಳಲ್ಲಿ ಕೆಲಸಮಾಡುವವರ ಮೇಲಿನ 2018ರ ಅಧ್ಯಯನದಲ್ಲಿ 15,000ದಲ್ಲೂ ತೊಂದರೆ ಕಾಣಲಿಲ್ಲ. ಅಂದರೆ ಪೆಟೆನ್‌ಕೋಫರ್ ಮತ್ತು ಫ್ಲ್ಯೂಗೆಯ ಜಗಳವೇ ಹೊಸ ಉಪಕರಣಗಳೊಂದಿಗೆ ಮುಂದುವರಿದಿದೆ. ಇವೆಲ್ಲ ಕಚೇರಿ ಕೆಲಸದ ಮಾದರಿಯ ಪರೀಕ್ಷೆಗಳು. ನೆರವಲಿನ ಲೆಕ್ಕ, ಗಮಕದ ಸೂಕ್ಷ್ಮ ಹಿಡಿಯುವ ಗಮನಕ್ಕೆ ಇವು ಎಷ್ಟು ಅನ್ವಯಿಸುತ್ತವೆ ಎಂಬುದು ಬೇರೆಯೇ ಪ್ರಶ್ನೆ. ತಮ್ಮ ಕೋಣೆಯಲ್ಲಿ ಅಳೆದು ನೋಡಬೇಕೆನ್ನುವವರು ಇಂಗಾಲದ ಡೈಆಕ್ಸೈಡನ್ನೇ ಅಳೆಯುವ ಎನ್‌ಡಿಐಆರ್ ಸೆನ್ಸರಿನ ಮೀಟರನ್ನೇ ಕೊಳ್ಳಬೇಕು. ಅಗ್ಗದ ಎಷ್ಟೋ ಮೀಟರುಗಳು ಬೇರೆ ಅನಿಲಗಳನ್ನು ನೋಡಿ ಅಂದಾಜಿನ ಸಂಖ್ಯೆ ತೋರಿಸುತ್ತವೆ.

ಕಾರ್ಖಾನೆಯ ಸೈಲೆನ್ಸರುಗಳನ್ನು ಪ್ರಯೋಗಶಾಲೆಯಲ್ಲಿ ಅಳೆಯಲು ಐಎಸ್‌ಒ 7235 ಎಂಬ ಮಾನದಂಡವಿದೆ. ಬಡಗಿ ಮಾಡಿದ ಪೆಟ್ಟಿಗೆ ಆ ಹಾದಿ ತುಳಿಯುವುದಿಲ್ಲ. ಒಬ್ಬರ ಮನೆಯಲ್ಲಿ ಗೆದ್ದ ಅಳತೆ ಇನ್ನೊಬ್ಬರಲ್ಲಿ ಸೋಲುವುದಕ್ಕೆ ಪೆಟ್ಟಿಗೆ ಕಾರಣವೋ, ಬಾಗಿಲಿನ ಸಂದಿ ಕಾರಣವೋ ಬೇರ್ಪಡಿಸಲು ಸುಲಭ ದಾರಿಯಿಲ್ಲ.

ಕಾನೂನಿನ ಅಳತೆಯೂ ತಕರಾರಿನದೇ. ನಿಯಮದ ಡೆಸಿಬೆಲ್ ಕಿವಿಯ ಸ್ವಭಾವಕ್ಕೆ ಹೊಂದಿಸಿದ ಎ ತೂಕದ ಅಳತೆ. ಅದು ನೂರು ಹರ್ಟ್ಸಿನ ಸದ್ದನ್ನು 19 ಡೆಸಿಬೆಲ್, 50 ಹರ್ಟ್ಸಿನದನ್ನು 30 ಡೆಸಿಬೆಲ್ ಕಡಿಮೆ ಎಣಿಸುತ್ತದೆ. ಗಾಳಿಯ ಪೆಟ್ಟಿಗೆಯಿಂದ ತಪ್ಪಿಸಿಕೊಂಡು ಹೋಗುವುದೂ ಇದೇ ಮಂದ್ರ. ಮೀಟರಿನಲ್ಲಿ 45ರ ಒಳಗಿದ್ದೂ ಪಕ್ಕದ ಮನೆಯ ಮಂಚಕ್ಕೆ ಧಮ್ ಧಮ್ ತಲುಪಬಹುದು. ಆಗ ಕೋಣೆ ಕಟ್ಟಿಸಿದವರು ನಿಯಮ ಪಾಲಿಸಿದಂತೆಯೋ ಇಲ್ಲವೋ, ಮತ್ತು ಇನ್ನಷ್ಟು ಸದ್ದು ತಡೆಯಲು ಗಾಳಿಯ ದಾರಿಯನ್ನು ಎಷ್ಟರವರೆಗೆ ಕಿರಿದು ಮಾಡಬಹುದು ಎಂಬುದನ್ನು ಸದ್ಯಕ್ಕೆ ಎರಡು ಮನೆಯವರು ಕೂತು ಮಾತಾಡಿಯೇ ಬಗೆಹರಿಸಿಕೊಳ್ಳಬೇಕಾಗಿದೆ.